ಹಿತ್ತಲಿನ ಕೊಳವೂ ಅದರ ಎರಡು ಬೇಲಿಗಳೂ

ನೀರಿನ ಬೆಲೆಯನ್ನು ನಮ್ಮ ವಾಚಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಳದಲ್ಲಿ ನೀರು ನಿಂತುಹೋಗುವ ಮೊದಲೇ ಬೆಳಗಿನ ಜಾವದಲ್ಲೆದ್ದು ಪೀಪಾಯಿ ತುಂಬಿಸಿಟ್ಟವರಿಗೂ, ಹೋಟೆಲಿನ ಮೋರಿಯ ಬಳಿ ನಿಂತು ತಟ್ಟೆ ಲೋಟಗಳ ರಾಶಿಯನ್ನು ತೊಳೆಯುತ್ತ ಈ ಊರಿನ ಬದುಕನ್ನು ಆರಂಭಿಸಿದವರಿಗೂ ಒಂದು ಬಿಂದಿಗೆ ನೀರೆಂದರೆ ಎಷ್ಟೆಂಬುದು ಲೆಕ್ಕದ ಪುಸ್ತಕವಿಲ್ಲದೆಯೇ ತಿಳಿದಿದೆ. ಅಂಥವರ ಮುಂದೆ, ಒಂದು ಸಂಸಾರ ಕೇವಲ ಈಜಾಡಿ ನಲಿಯುವುದಕ್ಕಾಗಿ ತನ್ನ ಹಿತ್ತಲಿನಲ್ಲಿ ಅರುವತ್ತು ಸಾವಿರ ಲೀಟರಿಗೂ ಹೆಚ್ಚು ನೀರನ್ನು ತುಂಬಿಸಿಡುವ ಸಂಗತಿಯನ್ನು ಹೇಳಹೊರಟರೆ, "ಇದು ನಮಗೇಕೆ?" ಎಂದು ಅವರು ಕೇಳುವುದು ಸಹಜವೇ ಆಗಿದೆ.

ಆದರೂ ಹೇಳಬೇಕೆಂದು ನಮಗೆ ತೋರಿದೆ. ಒಂದನೆಯದಾಗಿ, ಹಿತ್ತಲಿನ ಈಜುಕೊಳವನ್ನು ಕಟ್ಟುವುದರಲ್ಲಿ ಮಣ್ಣು, ಸಿಮೆಂಟು, ಮರ, ನೆರಳುಗಳನ್ನು ಅರಿತವರ ಕೈಚಳಕ ಬಹಳವಾಗಿದೆ. ಒಳ್ಳೆಯ ಕೆಲಸ ಯಾರ ಮನೆಯದಾದರೂ ತಿಳಿಯತಕ್ಕದ್ದೇ. ಎರಡನೆಯದಾಗಿ, ಕೊಳ ಕಟ್ಟಿದಲ್ಲೆಲ್ಲ ಬೇಲಿಯ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ಅಮೆರಿಕದ ಶ್ರೀಮಂತರದು ಮಾತ್ರವಲ್ಲ, ನಮ್ಮದೂ ಹೌದು.

ಮರ ಕಡಿಯದೆ ಕಟ್ಟಿದ ತೋಟ

ಹಿತ್ತಲಿನ ಕೊಳದ ತವರೂರೆಂದರೆ ಅಮೆರಿಕದ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯಾ ರಾಜ್ಯ. ಅಲ್ಲಿ ಬೇಸಿಗೆ ದೀರ್ಘವಾದುದು. ಮಳೆ ಬೀಳುವುದು ಚಳಿಗಾಲದಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ನಗರಗಳ ಹೊರವಲಯದಲ್ಲಿ ಸಾಲುಸಾಲಾಗಿ ಹೊಸ ಮನೆಗಳೆದ್ದವು. ಮನೆಯ ಹಿಂದೆ ಬಯಲು, ಕೈಯಲ್ಲಿ ಹಣ, ತಲೆಯ ಮೇಲೆ ಬಿಸಿಲು. ಈ ಮೂರೂ ಕೂಡಿದಾಗ ಕೊಳ ಹುಟ್ಟಿತೆಂದು ಹೇಳಬಹುದು.

ಆ ಕಾಲದ ಕೊಳಗಳಲ್ಲಿ ಅತ್ಯಂತ ಹೆಸರಾದುದು ಸಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕಿರುವ ಸೊನೋಮಾ ಪ್ರದೇಶದ ಡೊನೆಲ್ ತೋಟದ ಕೊಳ. ೧೯೪೮ರಲ್ಲಿ ಸಿದ್ಧವಾದ ಈ ತೋಟವನ್ನು ಯೋಜಿಸಿದವರು ಥಾಮಸ್ ಚರ್ಚ್ (೧೯೦೨–೧೯೭೮) ಎಂಬ ಉದ್ಯಾನಶಿಲ್ಪಿ. ಅವರ ಕಚೇರಿಯಲ್ಲಿದ್ದ ಲಾರೆನ್ಸ್ ಹಾಲ್‌ಪ್ರಿನ್ ಅವರೂ, ಜಾರ್ಜ್ ರಾಕ್‌ರೈಸ್ ಎಂಬ ವಾಸ್ತುಶಿಲ್ಪಿಯೂ ಈ ಕಾರ್ಯದಲ್ಲಿ ಅವರಿಗೆ ನೆರವಾದರು.

ಗುಡ್ಡದ ನೆತ್ತಿಯ ಆ ಸ್ಥಳದಿಂದ ನೋಡಿದರೆ ಕೆಳಗೆ ಸಮುದ್ರದ ಕೊಲ್ಲಿಯೂ, ಉಪ್ಪುನೀರಿನ ಜೌಗು ನೆಲವೂ, ಅದರ ನಡುವೆ ಹಾವಿನಂತೆ ಹೊರಳಿ ಹರಿಯುವ ಕಾಲುವೆಗಳೂ ಕಾಣುತ್ತವೆ. ಚರ್ಚ್ ಅವರು ತಮ್ಮ ಕೊಳವನ್ನು ಚೌಕವಾಗಿ ಕಟ್ಟಿಸಲಿಲ್ಲ. ಕೆಳಗಿನ ಕಾಲುವೆಗಳ ಬಾಗುವಿಕೆಯನ್ನೇ ಮೇಲೆ ತಂದಿರಿಸಿದಂತೆ ಅದರ ಅಂಚನ್ನು ಬಾಗಿಸಿ ಬಳುಕಿಸಿದರು. ಕೊಳದ ನಡುವೆ ಆಡಲೀನ್ ಕೆಂಟ್ ಎಂಬ ಶಿಲ್ಪಿಯ ಕಲಾಕೃತಿಯೊಂದು ನಡುಗಡ್ಡೆಯಂತೆ ನಿಂತಿದೆ. ಈಜುವವರು ಅದನ್ನು ಸುತ್ತಿ ಬರಬಹುದು, ಅದರ ಮೇಲೆ ಒರಗಿ ಬಿಸಿಲು ಕಾಯಿಸಬಹುದು.

ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಇನ್ನೊಂದು ಸಂಗತಿ. ಆ ಸ್ಥಳದಲ್ಲಿ ಹಳೆಯ ಓಕ್ ಮರಗಳಿದ್ದವು. ರೆಡ್‌ವುಡ್ ಹಲಗೆಗಳ ಅಗಲವಾದ ಜಗಲಿಯನ್ನು ಹಾಸುವಾಗ ಮರಗಳನ್ನು ಉರುಳಿಸಿ ನೆಲವನ್ನು ಸಮ ಮಾಡಬಹುದಾಗಿತ್ತು. ಅದಕ್ಕೆ ಬದಲಾಗಿ ಹಲಗೆಗಳನ್ನೇ ಕತ್ತರಿಸಿ ಕಾಂಡಗಳಿಗೆ ದಾರಿ ಬಿಡಲಾಯಿತು. ಜಗಲಿಯನ್ನು ತೂರಿಕೊಂಡು ಮರಗಳು ಮೇಲಕ್ಕೆ ಬೆಳೆದಿವೆ. ಅವುಗಳ ನೆರಳಿನಲ್ಲಿ ಜನ ಕುಳಿತುಕೊಳ್ಳುತ್ತಾರೆ. ಮೊದಲೇ ಅಲ್ಲಿದ್ದುದಕ್ಕೆ ಹೊಸತಾಗಿ ಬಂದದ್ದು ಜಾಗ ಬಿಟ್ಟುಕೊಡಬೇಕೆಂಬ ಈ ಮರ್ಯಾದೆ ನಮಗೆ ದೊಡ್ಡದಾಗಿ ಕಾಣುತ್ತದೆ. ೧೯೫೫ರಲ್ಲಿ ಚರ್ಚ್ ಅವರು ಪ್ರಕಟಿಸಿದ ಪುಸ್ತಕದ ಹೆಸರಿನ ಅರ್ಥವೇ "ತೋಟಗಳಿರುವುದು ಜನರಿಗಾಗಿ" ಎಂದು. ದೂರದಿಂದ ನೋಡಿ ಹೊಗಳಿ ಹೋಗುವುದಕ್ಕಲ್ಲ, ಮನೆಯವರು ಕುಳಿತು, ಉಂಡು, ಆಡಿ ಬಾಳುವುದಕ್ಕೆ ತೋಟವೆಂಬುದು ಅವರ ಮತವಾಗಿತ್ತು.

ಗುಂಡಿಯಿಂದ ಕೊಳದವರೆಗೆ

ಇನ್ನು ಕಟ್ಟುವ ಕ್ರಮವನ್ನು ನೋಡೋಣ. ಮೊದಲ ಕೆಲಸ ಗುದ್ದಲಿಯದಲ್ಲ, ಕಣ್ಣಿನದು. ಬಿಸಿಲು ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಮಳೆಯ ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಗಮನಿಸಬೇಕು. ಎಲೆ ಉದುರಿಸುವ ಮರದ ಕೆಳಗೆ ಕೊಳ ಮಾಡಿದರೆ ದಿನವೂ ಕಸ ತೆಗೆಯುವುದೇ ಕೆಲಸವಾಗುತ್ತದೆ. ಬೇರುಗಳ ಕಾಟ ಬೇರೆ. ಅಡಿಗೆಮನೆಯ ಕಿಟಕಿಯಿಂದ ನೀರು ಕಾಣುವಂತಿರಬೇಕೆಂಬುದು ಇನ್ನೊಂದು ಬುದ್ಧಿಯ ಮಾತು. ಅದರ ಕಾರಣವನ್ನು ಮುಂದೆ ಹೇಳುವೆವು.

ಬಳಿಕ ಅಗೆತ. ಅಗೆದ ಮಣ್ಣು ಸಡಿಲವಾಗಿ ಉಬ್ಬುವುದರಿಂದ ರಾಶಿಯು ಗುಂಡಿಗಿಂತ ದೊಡ್ಡದಾಗಿಯೇ ಕಾಣುತ್ತದೆ. ಜಾಣರು ಅದನ್ನೆಲ್ಲ ಲಾರಿಯಲ್ಲಿ ಹೊರಗೆ ಸಾಗಿಸದೆ, ಒಂದು ಪಾಲನ್ನು ಅಲ್ಲಿಯೇ ದಿಬ್ಬ ಮಾಡಿ ಗಿಡ ನೆಡುತ್ತಾರೆ. ಗುಂಡಿಯ ಒಳಮೈಗೆ ಉಕ್ಕಿನ ಸರಳುಗಳ ಬಲೆಯನ್ನು ಹೆಣೆದು, ಅದರ ಮೇಲೆ ಕಾಂಕ್ರೀಟನ್ನು ಕೊಳವೆಯಿಂದ ರಭಸವಾಗಿ ಎರಚುತ್ತಾರೆ. ಒಣಗಿದ ಮರಳು, ಸಿಮೆಂಟುಗಳ ಮಿಶ್ರಣವನ್ನು ಗಾಳಿಯ ಒತ್ತಡ ನೂಕಿಕೊಂಡು ಬರುತ್ತದೆ. ಕೊಳವೆಯ ಮೂತಿಯಲ್ಲಿ ಮಾತ್ರ ಅದಕ್ಕೆ ನೀರು ಸೇರುತ್ತದೆ. ಹಲಗೆಯ ಅಚ್ಚುಗಳು ಬೇಕಾಗಿಲ್ಲವಾದುದರಿಂದ ಕೊಳವನ್ನು ಯಾವ ಆಕಾರಕ್ಕಾದರೂ ಬಾಗಿಸಬಹುದು, ಖರ್ಚೂ ತಗ್ಗುತ್ತದೆ.

ಈ ಉಪಾಯವನ್ನು ಕಂಡುಹಿಡಿದವರು ಗಾರೆ ಕೆಲಸದವರೂ ಅಲ್ಲ, ಇಂಜಿನಿಯರರೂ ಅಲ್ಲ! ಸತ್ತ ಪ್ರಾಣಿಗಳ ಚರ್ಮವನ್ನು ಹದ ಮಾಡಿ, ಜೀವವಿದ್ದಂತೆಯೇ ನಿಲ್ಲಿಸುವ ಕಲೆಯಲ್ಲಿ ಪಳಗಿದ ಕಾರ್ಲ್ ಏಕ್ಲಿ ಎಂಬವರು ಅದರ ಕರ್ತರು. ಶಿಕಾಗೋ ನಗರದ ವಸ್ತುಸಂಗ್ರಹಾಲಯದಲ್ಲಿ ಅವರು ಕೆಲಸದಲ್ಲಿದ್ದಾಗ ಕಟ್ಟಡದ ಹೊರಗೋಡೆಯ ಗಾರೆ ಉದುರುತ್ತಿತ್ತು. ಅದನ್ನು ಸರಿಪಡಿಸಲು ಅವರು ಗಾರೆಯನ್ನು ಗಾಳಿಯ ಒತ್ತಡದಿಂದ ಎರಚುವ ಯಂತ್ರವನ್ನು ರಚಿಸಿದರು. ೧೯೧೧ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಗೋಡೆಯ ರಿಪೇರಿಗೆಂದು ಹುಟ್ಟಿದ ಯಂತ್ರ ಮುಂದೆ ಅಸಂಖ್ಯ ಕೊಳಗಳ ತಾಯಿಯಾಯಿತು.

ಎರಚಿದ ಕಾಂಕ್ರೀಟನ್ನು ಹಲವು ದಿನ ನೀರು ಚಿಮುಕಿಸಿ ಹದಗೊಳಿಸಬೇಕು. ಅನಂತರ ಒಳಮೈಗೆ ನಯವಾದ ಗಿಲಾವು, ಅಂಚಿಗೆ ಕಲ್ಲಿನ ಅಥವಾ ಇಟ್ಟಿಗೆಯ ಪಟ್ಟಿ. ಸುತ್ತಲಿನ ನೆಲಗಟ್ಟು ಅಡಿಗೆ ಕಾಲು ಅಂಗುಲದಷ್ಟು ಹೊರಕ್ಕೆ ಇಳಿಜಾರಾಗಿದ್ದರೆ ಅಂಗಳದ ಕೊಳೆನೀರು ಒಳಗೆ ಬಾರದು. ನೆಲಗಟ್ಟು ಒದ್ದೆಗಾಲಿಗೆ ಜಾರದಂತೆ ಒರಟಾಗಿರಬೇಕು. ಪಂಪು, ದೀಪ ಮುಂತಾದವುಗಳ ವಿದ್ಯುತ್ ಕೆಲಸವನ್ನಂತೂ ಬಲ್ಲವರಿಂದಲೇ ಮಾಡಿಸತಕ್ಕದ್ದು. ನೀರು ಮತ್ತು ವಿದ್ಯುತ್ತುಗಳ ಸ್ನೇಹ ಪ್ರಾಣಾಂತಿಕವಾದುದು. ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ನೆಲದೊಳಗಿನ ನೀರಿನ ಮಟ್ಟ ಮೇಲಿರುವಾಗ ಕೊಳವನ್ನು ಪೂರ್ತಿ ಬರಿದು ಮಾಡಿದರೆ, ಆ ಭಾರವಾದ ಕಾಂಕ್ರೀಟಿನ ತೊಟ್ಟಿಯೇ ದೋಣಿಯಂತೆ ಮೇಲಕ್ಕೆದ್ದು ಬಿರಿಯಬಹುದು. ಕೊಳವನ್ನು ಕೆಳಗೆ ಒತ್ತಿ ಹಿಡಿದಿರುವುದು ಅದರೊಳಗಿನ ನೀರೇ.

ಗಿಡಗಳ ಆಯ್ಕೆಯಲ್ಲಿಯೂ ವಿವೇಕ ಬೇಕು. ನೀರಿನ ಅಂಚಿನಲ್ಲಿ ಮುಳ್ಳಿನ ಗಿಡ ಸಲ್ಲದು, ಬರಿಗಾಲಿನವರು ನಡೆಯುವ ಜಾಗ ಅದು. ಜೇನು ಮುತ್ತುವ ಹೂವುಗಳನ್ನೂ, ಹಣ್ಣು ಉದುರಿಸುವ ಮರಗಳನ್ನೂ ದೂರದಲ್ಲಿರಿಸಬೇಕು. ಒಣಹವೆಯನ್ನು ತಾಳುವ ಹುಲ್ಲುಗಳು, ಪರಿಮಳದ ಪೊದೆಗಳು ಕ್ಯಾಲಿಫೋರ್ನಿಯಾದ ನೆಲಕ್ಕೆ ಒಪ್ಪುತ್ತವೆ. ಕೊಳದಲ್ಲಿ ಇಷ್ಟು ನೀರಿಟ್ಟು, ಅದರ ಸುತ್ತ ನೀರು ಕುಡಿಯುವ ಹಸುರು ಹಾಸನ್ನು ಬೆಳೆಸುವುದು ಎರಡು ಪಟ್ಟು ದುಂದುಗಾರಿಕೆಯೆಂಬುದನ್ನು ಆ ರಾಜ್ಯದವರು ಬರಗಾಲಗಳಿಂದ ಕಲಿತರು. ೧೯೭೬–೭೭ರ ಬರದಲ್ಲಿ ಬರಿದಾಗಿ ನಿಂತ ಕೊಳಗಳಲ್ಲಿ ಅಲ್ಲಿನ ಹುಡುಗರು ಚಕ್ರದ ಹಲಗೆಯ ಮೇಲೆ ನಿಂತು ಜಾರುವ ಆಟವನ್ನು ಬೆಳೆಸಿದರು!

ನೀರಿನ ಲೆಕ್ಕ

ಮೂವತ್ತು ಅಡಿ ಉದ್ದ, ಹದಿನೈದು ಅಡಿ ಅಗಲ, ಸರಾಸರಿ ಐದು ಅಡಿ ಆಳದ ಸಾಧಾರಣ ಕೊಳವೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ೨,೨೫೦ ಘನ ಅಡಿ, ಅಂದರೆ ಸುಮಾರು ೬೩,೭೦೦ ಲೀಟರು ನೀರು ಹಿಡಿಯುತ್ತದೆ. ಭಾರತದಲ್ಲಿ ಒಳಚರಂಡಿಯುಳ್ಳ ನಗರಗಳಿಗೆ ತಲೆಗೆ ದಿನಕ್ಕೆ ೧೩೫ ಲೀಟರು ನೀರು ದೊರೆಯಬೇಕೆಂಬುದು ಸರಕಾರದ ಮಾನದಂಡ. ಆ ಲೆಕ್ಕದಂತೆ, ಒಂದು ಕೊಳದ ನೀರು ಐದು ಜನರ ಸಂಸಾರಕ್ಕೆ ಮೂರು ತಿಂಗಳಿಗೂ ಹೆಚ್ಚು ಸಾಲುತ್ತದೆ. ಬಿಸಿಲಿಗೆ ಆವಿಯಾಗುವುದನ್ನು ಮತ್ತೆ ತುಂಬಿಸುವ ನೀರು ಈ ಲೆಕ್ಕದ ಹೊರಗಿನದು. ಕೊಳಕ್ಕೆ ಹೊದಿಕೆ ಹಾಸಿದರೆ ಆ ನಷ್ಟ ಬಹಳ ಮಟ್ಟಿಗೆ ತಗ್ಗುತ್ತದೆ.

ತುಂಬಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ; ಅಲ್ಲಿಂದ ಆರಂಭವಾಯಿತು. ನಿಂತ ನೀರು ಕೆಡುತ್ತದೆ. ಪಂಪು ಅದನ್ನು ಎಳೆದು ಮರಳಿನ ಸೋಸುಪಾತ್ರೆಯ ಮೂಲಕ ಹಾಯಿಸಿ ಮತ್ತೆ ಕೊಳಕ್ಕೆ ಬಿಡುತ್ತದೆ. ಮರಳಿನಲ್ಲಿ ಕೊಳೆ ಕಟ್ಟಿದಾಗ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯಬೇಕು. ರೋಗಾಣುಗಳನ್ನು ಕೊಲ್ಲಲು ಕ್ಲೋರಿನ್ ಬೇಕು: ಹತ್ತು ಲಕ್ಷ ಭಾಗ ನೀರಿಗೆ ಕನಿಷ್ಠ ಒಂದು ಭಾಗ. ನೀರಿನ ಹುಳಿ ಕ್ಷಾರಗಳ ಅಳತೆ ೭ರಿಂದ ೭.೮ರೊಳಗೆ ನಿಲ್ಲಬೇಕು. ಅದು ಮೇಲೇರಿದರೆ ಕ್ಲೋರಿನ್ನಿನ ಶಕ್ತಿ ಕುಂದುತ್ತದೆ. ಕೆಳಗಿಳಿದರೆ ಕಣ್ಣು ಉರಿಯುತ್ತದೆ, ಲೋಹ ಸವೆಯುತ್ತದೆ. ಬಿಸಿಲೂ ಕ್ಲೋರಿನ್ನನ್ನು ತಿಂದುಹಾಕುವುದರಿಂದ ದಿನವೂ ಪರೀಕ್ಷೆ ತಪ್ಪದು. ಕ್ಲೋರಿನ್ ಪುಡಿಯನ್ನೂ ಆಮ್ಲವನ್ನೂ ಎಂದೂ ಒಂದರೊಡನೊಂದು ಬೆರೆಸಕೂಡದು, ವಿಷವಾಯು ಏಳುತ್ತದೆ. ಔಷಧಿಯನ್ನು ನೀರಿಗೆ ಹಾಕಬೇಕೇ ಹೊರತು ಔಷಧಿಯ ಮೇಲೆ ನೀರು ಸುರಿಯಬಾರದು.

ಈಜುಕೊಳದ ಬಳಿ ಬರುವ ಘಾಟು ವಾಸನೆಯನ್ನು ಹಲವರು ಶುಚಿತ್ವದ ಗುರುತೆಂದು ಭಾವಿಸುತ್ತಾರೆ. ಸತ್ಯ ಇದಕ್ಕೆ ವಿರುದ್ಧವಾಗಿದೆ. ಕ್ಲೋರಿನ್ನು ಮನುಷ್ಯರ ಬೆವರು, ಮೂತ್ರಗಳೊಡನೆ ಕೂಡಿದಾಗ ಹುಟ್ಟುವ ವಾಸನೆ ಅದು. ಈಜುವ ಮೊದಲು ಮೈತೊಳೆದುಕೊಳ್ಳಿರೆಂಬ ಫಲಕದ ಹಿಂದಿರುವ ಕಾರಣ ಇದೇ. ತಿಳಿನೀರನ್ನು ನೋಡಿ ಸಂತೋಷಪಡುವವರಲ್ಲಿ ಎಷ್ಟು ಮಂದಿ ಅದನ್ನು ತಿಳಿಯಾಗಿ ಇರಿಸಿದವರ ಕೈಗಳನ್ನು ನೆನೆಯುತ್ತಾರೆ? ಹೊಳೆಯುವ ಲೋಟದಲ್ಲಿ ಕಾಫಿ ಕುಡಿದು ಹೋಗುವ ಗಿರಾಕಿಗಳಲ್ಲಿ, ಲೋಟ ತೊಳೆದವನನ್ನು ನೆನೆಯುವವರಿರುವಷ್ಟೇ!

ಹೊಗಳತಕ್ಕ ಬೇಲಿ

ಇನ್ನು ಬೇಲಿಯ ಮಾತು. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಮೊದಲನೆಯ ಕಾರಣ ನೀರಿನಲ್ಲಿ ಮುಳುಗುವಿಕೆ. ಈ ವಯಸ್ಸಿನ ಮಕ್ಕಳು ಹೆಚ್ಚಾಗಿ ಮುಳುಗುವುದು ಮನೆಯ ಈಜುಕೊಳದಲ್ಲಿಯೇ. ಮುಳುಗುವ ಮಗು ಕೂಗುತ್ತದೆ, ಕೈಕಾಲು ಬಡಿಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಹಲವು ವೇಳೆ ಸದ್ದೇ ಇಲ್ಲದೆ, ಕೆಲವೇ ನಿಮಿಷಗಳಲ್ಲಿ, ದೊಡ್ಡವರು ಬೆನ್ನು ತಿರುಗಿಸಿದಷ್ಟರಲ್ಲಿ ಎಲ್ಲ ಮುಗಿದುಹೋಗುತ್ತದೆ. ಅಡಿಗೆಮನೆಯ ಕಿಟಕಿಯಿಂದ ನೀರು ಕಾಣಬೇಕೆಂದು ಹೇಳಿದುದು ಇದಕ್ಕಾಗಿಯೇ. ಆದರೆ ಕಣ್ಣೊಂದೇ ಸಾಲದು.

ಆದುದರಿಂದ ಕೊಳಕ್ಕೆ ನಾಲ್ಕೂ ಕಡೆ ಬೇಲಿ ಇರಬೇಕೆಂದು ಅಲ್ಲಿನ ಆರೋಗ್ಯ ತಜ್ಞರು ಒತ್ತಿ ಹೇಳುತ್ತಾರೆ. ಮೂರು ಕಡೆ ಬೇಲಿ, ನಾಲ್ಕನೆಯ ಕಡೆ ಮನೆಯ ಗೋಡೆ ಎಂದರೆ ಆಗದು. ಮಗು ಹೊರಬರುವುದು ಮನೆಯ ಬಾಗಿಲಿನಿಂದಲೇ ಅಲ್ಲವೆ? ನಾಲ್ಕು ಅಡಿಗೆ ಕಡಿಮೆಯಿಲ್ಲದ ಎತ್ತರ, ಹತ್ತಲು ಮೆಟ್ಟಿಲಾಗದ ಕಂಬಿಗಳು, ತಾನಾಗಿಯೇ ಮುಚ್ಚಿಕೊಂಡು ಅಗಳಿ ಬೀಳುವ ಬಾಗಿಲು: ಇವು ಅದರ ಲಕ್ಷಣಗಳು. ತಳದ ಕಿಂಡಿಯ ಸೆಳೆತಕ್ಕೆ ಸಿಕ್ಕಿ ಮಕ್ಕಳು ಸತ್ತ ದುರಂತಗಳಾದ ಮೇಲೆ, ೨೦೦೭ರಲ್ಲಿ ಅಮೆರಿಕವು ಕಿಂಡಿಯ ಮುಚ್ಚಳಗಳ ಬಗ್ಗೆಯೂ ಕಾನೂನು ಮಾಡಿತು. ತೋಟದ ಚೆಲುವು ಕೆಡುವುದೆಂದು ಬೇಲಿ ಬೇಡವೆನ್ನುವವರಿದ್ದಾರೆ. ಅಂಥವರಿಗೆ ನಾವು ಹೇಳುವುದಿಷ್ಟೇ: ಮಗುವಿಲ್ಲದ ತೋಟಕ್ಕೆ ಯಾವ ಚೆಲುವು?

ತೆಗಳತಕ್ಕ ಬೇಲಿ

ಮೇಲಿನ ಬೇಲಿ ಮಗುವನ್ನು ಕಾಯುವುದು. ಮನುಷ್ಯನನ್ನು ಹೊರಗಿಡುವ ಇನ್ನೊಂದು ಬೇಲಿಯಿದೆ. ಹಿತ್ತಲಿನ ಕೊಳದ ಚರಿತ್ರೆಯಲ್ಲಿ ಅದಕ್ಕೂ ಪಾಲಿದೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ನಗರಸಭೆಗಳು ಊರವರಿಗಾಗಿ ದೊಡ್ಡ ದೊಡ್ಡ ಈಜುಕೊಳಗಳನ್ನು ಕಟ್ಟಿಸಿದುವು. ಸೆಂಟ್ ಲೂಯಿಸ್ ನಗರದ ಫೇರ್‌ಗ್ರೌಂಡ್ ಪಾರ್ಕಿನ ಕೊಳ ಅವುಗಳಲ್ಲೊಂದು. ಅದು ಬಿಳಿಯರಿಗೆ ಮಾತ್ರ ಮೀಸಲಾಗಿತ್ತು. ೧೯೪೯ರ ಜೂನ್ ೨೧ರಂದು ಮೊದಲ ಬಾರಿಗೆ ಕಪ್ಪು ಜನಾಂಗದ ಮಕ್ಕಳೂ ಅದರಲ್ಲಿ ಇಳಿದರು. ಅಂದೇ ದೊಂಬಿಯೆದ್ದು ಹಲವರಿಗೆ ಗಾಯಗಳಾದುವು. ಮುಂದೆ ನ್ಯಾಯಾಲಯದ ಆಜ್ಞೆಯಿಂದ ಕೊಳ ಎಲ್ಲರಿಗೂ ತೆರೆದಾಗ, ಬಿಳಿಯರು ಅಲ್ಲಿಗೆ ಬರುವುದನ್ನೇ ಬಿಟ್ಟರು. ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರವಂತೂ ಎಲ್ಲರೂ ಒಟ್ಟಿಗೆ ಈಜುವುದಕ್ಕಿಂತ ಕೊಳಗಳನ್ನು ಮುಚ್ಚುವುದೇ ಲೇಸೆಂದು ಮುಚ್ಚಿತು. ೧೯೭೧ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕು ಮತಗಳಿಂದ ಆ ಕ್ರಮವನ್ನು ಎತ್ತಿಹಿಡಿಯಿತು.

ಹಿತ್ತಲಿನ ಕೊಳಗಳು ಹೆಚ್ಚಿದುದಕ್ಕೆ ಇದೊಂದೇ ಕಾರಣವೆಂದು ಹೇಳಿದರೆ ಅನ್ಯಾಯವಾದೀತು. ಹಣವಿತ್ತು, ಬಯಲಿತ್ತು, ಅಗ್ಗವಾದ ವಿಧಾನವಿತ್ತು. ಆದರೆ ಊರಿನ ಕೊಳವನ್ನು ನೆರೆಯವನೊಡನೆ ಹಂಚಿಕೊಳ್ಳಲೊಲ್ಲದೆ ತಮ್ಮ ಬೇಲಿಯೊಳಗೆ ಕೊಳ ತೋಡಿಕೊಂಡವರೂ, ಸದಸ್ಯರಿಗೆ ಮಾತ್ರ ಪ್ರವೇಶವಿದ್ದ ಕ್ಲಬ್ಬುಗಳನ್ನು ಸೇರಿದವರೂ ಕಡಿಮೆಯಿರಲಿಲ್ಲ. ಚರಿತ್ರಕಾರ ಜೆಫ್ ವಿಲ್ಟ್ಸಿ ಅವರು ೨೦೦೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ.

ಹೋಟೆಲಿನಲ್ಲಿ ದುಡಿಯುವ ನಮ್ಮವರು ಮರೆಯಬಾರದ ಘಟನೆಯೊಂದುಂಟು. ೧೯೬೪ರ ಜೂನ್ ೧೮ರಂದು ಫ್ಲಾರಿಡಾ ರಾಜ್ಯದ ಸೆಂಟ್ ಆಗಸ್ಟೀನ್ ಪಟ್ಟಣದ ಪ್ರವಾಸಿ ಹೋಟೆಲೊಂದರ ಈಜುಕೊಳಕ್ಕೆ ಕಪ್ಪು ಜನಾಂಗದವರೂ ಅವರ ಬಿಳಿಯ ಮಿತ್ರರೂ ಜತೆಯಾಗಿ ಇಳಿದರು. ಹೋಟೆಲಿನ ಮಾಲೀಕನು ಆಮ್ಲವನ್ನು ತಂದು ಅವರಿದ್ದ ನೀರಿಗೆ ಸುರಿದನು. ಅದರ ಛಾಯಾಚಿತ್ರ ಪತ್ರಿಕೆಗಳಲ್ಲಿ ಬಂದಿತು. ಮರುದಿನವೇ ನಾಗರಿಕ ಹಕ್ಕುಗಳ ಮಸೂದೆಗೆ ಸೆನೆಟ್ ಸಭೆಯ ಒಪ್ಪಿಗೆ ದೊರೆಯಿತು; ಜುಲೈ ೨ರಂದು ಅದು ಕಾನೂನಾಯಿತು. ಕೊಳದ ನೀರನ್ನು ಹದವಾಗಿಡಲು ಅಳೆದು ಹಾಕುವ ವಸ್ತುವೇ ಅಂದು ದ್ವೇಷದ ಆಯುಧವಾಯಿತು.

ಇದನ್ನು ಓದಿ ಅಮೆರಿಕದವರತ್ತ ಬೆರಳು ತೋರಿಸುವ ಮೊದಲು ನಾವು ನಮ್ಮ ಅಂಗಳವನ್ನೊಮ್ಮೆ ನೋಡಿಕೊಳ್ಳಬೇಕು. ಮುಂಬಯಿಯಿಂದ ಬಹು ದೂರವಲ್ಲದ ಮಹಾಡಿನಲ್ಲಿ ಚವದಾರ್ ಕೆರೆಯಿದೆ. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ಸಲ್ಲಬೇಕೆಂದು ಮುಂಬಯಿ ಶಾಸನಸಭೆ ೧೯೨೩ರಲ್ಲಿಯೇ ನಿರ್ಣಯಿಸಿತ್ತು. ಆದರೂ ೧೯೨೭ರ ಮಾರ್ಚ್ ೨೦ರಂದು ಡಾಕ್ಟರ್ ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರನ್ನು ಕುಡಿದಾಗ, ಅವರ ಸಂಗಡಿಗರ ಮೇಲೆ ಹಲ್ಲೆ ನಡೆಯಿತು. ಅನಂತರ ಕೆರೆಗೆ "ಶುದ್ಧಿ" ಮಾಡಲಾಯಿತು. ಆ ಹಕ್ಕು ನ್ಯಾಯಾಲಯದಲ್ಲಿ ಕೊನೆಗೆ ಸ್ಥಿರವಾದುದು ೧೯೩೭ರಲ್ಲಿ, ಹತ್ತು ವರ್ಷಗಳ ಮೇಲೆ. ಅಲ್ಲಿ ಸುರಿದುದು ಆಮ್ಲ, ಇಲ್ಲಿ ಸುರಿದುದು ಪಂಚಗವ್ಯ. ಎರಡರಲ್ಲಿಯೂ ಕೊಳೆಯಿದ್ದುದು ನೀರಿನಲ್ಲಲ್ಲ.

ನಮ್ಮ ಪಾಲಿನ ಕೆಲಸ

ಹಿತ್ತಲಿನಲ್ಲಿ ಕೊಳ ಕಟ್ಟಿಸುವ ಯೋಗ ನಮ್ಮ ವಾಚಕರಲ್ಲಿ ಬಹುಮಂದಿಗಿಲ್ಲ. ಹಿತ್ತಲೇ ಇಲ್ಲದ ಮೇಲೆ ಕೊಳವೆಲ್ಲಿಯದು! ಆದರೆ ಮೇಲಿನ ಎರಡು ಬೇಲಿಗಳು ನಮ್ಮ ಖೋಲಿಯವರೆಗೂ ಬಂದಿವೆ.

ಮೊದಲನೆಯದನ್ನು ನಾವು ಕಟ್ಟಬೇಕು. ಪುಟ್ಟ ಮಗು ಮುಳುಗಲು ಕೊಳವೇ ಬೇಕಾಗಿಲ್ಲ, ಕೆಲವು ಅಂಗುಲ ನೀರಿರುವ ಬಕೀಟು ಸಾಕು. ಖೋಲಿಯ ಮೂಲೆಯಲ್ಲಿ ನೀರು ತುಂಬಿಸಿಟ್ಟ ಪೀಪಾಯಿಗೆ ಗಟ್ಟಿಯಾದ ಮುಚ್ಚಳವಿರಲಿ. ಬಟ್ಟೆ ಒಗೆದಾದ ಮೇಲೆ ಬಕೀಟನ್ನು ಬರಿದು ಮಾಡಿ ಬೋರಲು ಹಾಕಿರಿ. ಕಟ್ಟಡದ ನೆಲದ ತೊಟ್ಟಿಯ ಮುಚ್ಚಳಕ್ಕೆ ಬೀಗವಿದೆಯೇ ಎಂದು ಇಂದೇ ನೋಡಿರಿ. ರಜೆಯಲ್ಲಿ ಊರಿಗೆ ಹೋದಾಗ ಮನೆಯ ಬಾವಿಗೆ ಕಟ್ಟೆ ಸರಿಯಾಗಿದೆಯೇ ಎಂದೂ ಪರೀಕ್ಷಿಸಿರಿ. ಪಟ್ಟಣದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಬಾವಿಯ ಭಯ ತಿಳಿಯದು. ಅವರಿಗೆ ಈಜು ಕಲಿಸುವ ಅನುಕೂಲವನ್ನೂ ಹುಡುಕಬೇಕು. ದಾದರಿನ ಶಿವಾಜಿ ಪಾರ್ಕಿನ ಬಳಿ ಇರುವಂಥ ಪಾಲಿಕೆಯ ಈಜುಕೊಳಗಳು ಊರವರೆಲ್ಲರ ಸೊತ್ತು. ಈಜು ಬಂದರೂ ದೊಡ್ಡವರ ಕಣ್ಣು ಮಕ್ಕಳ ಮೇಲಿಂದ ಸರಿಯಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಬೇಲಿಯನ್ನು ನಾವು ಕೀಳಬೇಕು. ನಳದ ಸಾಲಿನಲ್ಲಿ ನಿಂತವನ ಜಾತಿ, ಭಾಷೆಗಳನ್ನು ಕೇಳದಿರುವುದೂ, ಕೆಲಸದವನಿಗೆ ಬೇರೆ ಲೋಟ ಇಡದಿರುವುದೂ ಆ ಕೆಲಸದ ಮೊದಲ ಹಾರೆಯೇಟು. ಮಗುವನ್ನು ತಡೆಯಲು ನಾಲ್ಕು ಅಡಿ ಎತ್ತರದ ಬೇಲಿ ಸಾಕು; ಮನುಷ್ಯನನ್ನು ತಡೆಯಲು ಒಂದು ಅಂಗುಲದ ಬೇಲಿಯೂ ಬೇಡ. ಸೊನೋಮಾದ ಆ ತೋಟದಲ್ಲಿ ಹಲಗೆಗಳನ್ನು ಕತ್ತರಿಸಿ ಮರಕ್ಕೆ ದಾರಿ ಬಿಟ್ಟರು. ನೆರೆಯವನಿಗೆ ದಾರಿ ಬಿಡುವುದು ಅದಕ್ಕಿಂತ ಕಠಿನವಾದ ಕೆಲಸವೇನೂ ಅಲ್ಲವೆಂದು ನಾವು ಭಾವಿಸುತ್ತೇವೆ.